ಜನವರಿ 26: ತಾನಾಗಿ ಬಂದದ್ದೆಷ್ಟು, ತಂದು ಕೂರಿಸಿದ್ದೆಷ್ಟು?

ಪ್ರತಿ ಜನವರಿ 26ಕ್ಕೆ ಬೆಳಗ್ಗೆ ಏಳುವಷ್ಟರಲ್ಲಿ ವಾಟ್ಸಾಪ್ ಗ್ರೂಪುಗಳಲ್ಲಿ 'ಇತಿಹಾಸದಲ್ಲಿ ಈ ದಿನ' ಪಟ್ಟಿ ಬಿದ್ದಿರುತ್ತದೆ. ಆಸ್ಟ್ರೇಲಿಯಾ, ಗಣರಾಜ್ಯ, ಗುಜರಾತಿನ ಭೂಕಂಪ, ಸಂಗೊಳ್ಳಿ ರಾಯಣ್ಣ, ಎಲ್ಲ ಒಂದೇ ಸಾಲಿನಲ್ಲಿ. ಕೆಳಗೆ ಕೈಮುಗಿಯುವ ಎಮೋಜಿ. ನನಗೆ ಈ ಪಟ್ಟಿಗಳ ಮೇಲೆ ಒಂದೇ ತಕರಾರು. ಯಾವುದು ಆ ದಿನಕ್ಕೆ ತಾನಾಗಿ ಬಂದು ಬಿತ್ತು, ಯಾವುದನ್ನು ಬೇಕಂತಲೇ ಆ ದಿನಕ್ಕೆ ತಂದು ಕೂರಿಸಿದರು ಅನ್ನೋದನ್ನು ಅವು ಹೇಳೋದೇ ಇಲ್ಲ. ಮಜಾ ಇರೋದೇ ಅಲ್ಲಿ.

ನಮ್ಮ ಗಣರಾಜ್ಯ ದಿನವನ್ನೇ ನೋಡಿ. 1929ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಕಾಂಗ್ರೆಸ್ ಅಧಿವೇಶನ. ನೆಹರೂ ಅಧ್ಯಕ್ಷರು. ಪೂರ್ಣ ಸ್ವರಾಜ್ಯವೇ ಗುರಿ ಅಂತ ತೀರ್ಮಾನವಾಯಿತು, ರಾವಿ ನದಿಯ ದಡದಲ್ಲಿ ನಡುರಾತ್ರಿ ಬಾವುಟ ಏರಿತು. ಸರಿ, ಊರೂರಲ್ಲಿ ಜನ ಪ್ರತಿಜ್ಞೆ ಮಾಡೋದು ಯಾವತ್ತು? ಜನವರಿ ತಿಂಗಳ ಕೊನೇ ಭಾನುವಾರ ಅಂತ ಗೊತ್ತು ಮಾಡಿದರು. ಆ ವರ್ಷ ಅದು 26ನೇ ತಾರೀಖು. ಅಷ್ಟೇ! ಪಂಚಾಂಗವಿಲ್ಲ, ಮುಹೂರ್ತವಿಲ್ಲ. ಎಲ್ಲ ಕಡೆ ಒಂದೇ ಹೊತ್ತಿಗೆ ಸಭೆ ಸೇರಿದರೆ ಒಳ್ಳೇದು, ಹಳ್ಳಿಗಳಲ್ಲಿ ಡಂಗುರ ಹೊಡೆಸಿ ಸಮಯ ತಿಳಿಸಿ ಅಂತ ಗಾಂಧೀಜಿ ಬರೆದರು. ಅಲ್ಲಿಂದ 1947ರವರೆಗೆ ವರ್ಷ ವರ್ಷವೂ ಜನವರಿ 26 ಸ್ವಾತಂತ್ರ್ಯ ದಿನ. ಇನ್ನೂ ಬರದೇ ಇದ್ದ ಸ್ವಾತಂತ್ರ್ಯಕ್ಕೆ!

ಕೊನೆಗೆ ಸ್ವಾತಂತ್ರ್ಯ ಬಂದಾಗ ತಾರೀಖು ಆರಿಸಿದ್ದು ಮೌಂಟ್‌ಬ್ಯಾಟನ್. ಜಪಾನ್ ಶರಣಾದ ದಿನ ಅಂತ ಆಗಸ್ಟ್ 15. ನಮ್ಮವರು 17 ವರ್ಷ ಕಾಪಾಡಿಕೊಂಡು ಬಂದಿದ್ದ ದಿನಕ್ಕೆ ಕೆಲಸವೇ ಇಲ್ಲದಂತಾಯಿತು. ಅದನ್ನು ಹಾಗೇ ಬಿಟ್ಟುಬಿಡೋಕೆ ಮನಸ್ಸಾಗಲಿಲ್ಲ. ಸಂವಿಧಾನಕ್ಕೆ ಸಂವಿಧಾನ ರಚನಾ ಸಭೆಯ ಒಪ್ಪಿಗೆ ಸಿಕ್ಕಿದ್ದು 1949ರ ನವೆಂಬರ್ 26ಕ್ಕೆ. ಪೌರತ್ವ, ಚುನಾವಣೆಯಂಥ ಕೆಲವು ವಿಧಿಗಳು ಅವತ್ತೇ ಜಾರಿಗೆ ಬಂದವು. ಮಿಕ್ಕಿದ್ದೆಲ್ಲ ಎರಡು ತಿಂಗಳು ಕಾಯಬೇಕಾಯಿತು, ಹಳೇ ದಿನದ ಮರ್ಯಾದೆ ಉಳಿಯಲಿ ಅಂತ. 1950ರ ಜನವರಿ 26, ಬೆಳಗ್ಗೆ 10 ಗಂಟೆ 18 ನಿಮಿಷಕ್ಕೆ ದೆಹಲಿಯ ದರ್ಬಾರ್ ಹಾಲ್‌ನಲ್ಲಿ ಘೋಷಣೆ. ಆರು ನಿಮಿಷದ ನಂತರ ರಾಜೇಂದ್ರ ಪ್ರಸಾದರ ಪ್ರಮಾಣವಚನ. ಇತ್ತ ನಮ್ಮ ಮೈಸೂರಿನಲ್ಲಿ ಜಯಚಾಮರಾಜೇಂದ್ರ ಒಡೆಯರ್ ಅವತ್ತಿನಿಂದ ರಾಜಪ್ರಮುಖರು, ಅಂದರೆ ರಾಜ್ಯಪಾಲರ ಥರದ ಹುದ್ದೆ.

ಒಂದು ಸಲ ತಾರೀಖಿಗೆ ತೂಕ ಬಂತು ಅಂದರೆ ಅದನ್ನು ವಿರೋಧಿಸುವವರಿಗೂ ಅದೇ ದಿನ ಬೇಕಾಗುತ್ತದೆ. ಆಸ್ಟ್ರೇಲಿಯಾದ ಕಥೆ ಇದೇ. 1788ರ ಜನವರಿ 26ಕ್ಕೆ ಆರ್ಥರ್ ಫಿಲಿಪ್ ಸಿಡ್ನಿಯಲ್ಲಿ ಬ್ರಿಟಿಷ್ ಬಾವುಟ ಹಾರಿಸಿದ. ಅದಕ್ಕೆ 150 ವರ್ಷ ತುಂಬಿತು ಅಂತ 1938ರಲ್ಲಿ ಸರ್ಕಾರ ಸಂಭ್ರಮ ಪಡುತ್ತಿದ್ದಾಗ, ಅಲ್ಲಿನ ಮೂಲನಿವಾಸಿಗಳು ಅದೇ ಊರಲ್ಲಿ, ಅದೇ ದಿನ ಶೋಕದಿನ ಅಂತ ಸಭೆ ಸೇರಿದರು. 1972ರ ಜನವರಿ 26ಕ್ಕೆ ಕ್ಯಾನ್‌ಬೆರಾದಲ್ಲಿ ಸಂಸತ್ತಿನ ಎದುರೇ ಟೆಂಟ್ ಹಾಕಿ ಕುಳಿತರು. ಫಾರ್ವರ್ಡ್ ಪಟ್ಟಿಯಲ್ಲಿ ಮೊದಲನೆಯದು ಮಾತ್ರ ಇರುತ್ತದೆ, ಅಲ್ವಾ?

ನಮ್ಮಲ್ಲೂ ಆಗಿದೆ. ಕೇಂದ್ರದ ಆಡಳಿತಕ್ಕೆ ಹಿಂದಿ ಜೊತೆ ಇನ್ನು 15 ವರ್ಷ ಇಂಗ್ಲಿಷ್ ಇರಲಿ ಅಂತ ಸಂವಿಧಾನದಲ್ಲಿತ್ತು. ಆ ಗಡುವು 1965ರ ಜನವರಿ 26ಕ್ಕೆ ಬಂತು. ಹಿಂದಿ ಹೇರಿಕೆಯ ವಿರುದ್ಧ ಅವತ್ತೇ ಶೋಕದಿನ ಅಂತ ಡಿಎಂಕೆ ಸಾರಿತ್ತು. ಗಣರಾಜ್ಯ ದಿನಕ್ಕೆ ಅವಮಾನವಾದರೆ ಸುಮ್ಮನಿರಲ್ಲ ಅಂತ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ಭಕ್ತವತ್ಸಲಂ ಗುಡುಗಿದ ಮೇಲೆ ಅದನ್ನು ಒಂದು ದಿನ ಮುಂಚೆಗೆ ತಂದುಕೊಂಡರು. ಗಲಾಟೆಯೇನೂ ನಿಲ್ಲಲಿಲ್ಲ, ಅದು ಬೇರೆ ಮಾತು.

ಭೂಕಂಪಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ, ನಿಜ. 2001ರಲ್ಲಿ ಕಛ್‌ನ ನೆಲ ನಡುಗಿದ್ದು ಬೆಳಗ್ಗೆ 8 ಗಂಟೆ 46 ನಿಮಿಷಕ್ಕೆ. ಆದರೆ ಅಂಜಾರ್ ಪಟ್ಟಣದಲ್ಲಿ ಆ ಹೊತ್ತಿಗೆ ಶಾಲೆ ಮಕ್ಕಳು ಮೆರವಣಿಗೆಯಲ್ಲಿ ಇಕ್ಕಟ್ಟಾದ ಬೀದಿಯಲ್ಲಿ ಹೋಗುತ್ತಿದ್ದರು. ಎರಡೂ ಬದಿಯ ಮನೆಗಳು ಅವರ ಮೇಲೇ ಕುಸಿದವು. 185 ಮಕ್ಕಳು, 20 ಶಿಕ್ಷಕರು. ಅವರು ಬೀದಿಯಲ್ಲಿದ್ದದ್ದೇ ಅವತ್ತು ಜನವರಿ 26 ಅಂತ. ಇದನ್ನು ಬರೀ ಕಾಕತಾಳೀಯ ಅನ್ನೋಕೆ ನನಗೆ ಬಾಯಿ ಬರಲ್ಲ.

ಇನ್ನು ರಾಯಣ್ಣ. ಹುಟ್ಟಿದ್ದು 1798ರ ಆಗಸ್ಟ್ 15, ನೇಣಿಗೇರಿದ್ದು 1831ರ ಜನವರಿ 26. 'ಎಂಥ ದೈವಲೀಲೆ ನೋಡಿ' ಅಂತ ಹಂಚಿಕೊಳ್ಳುತ್ತಾರೆ. ತಪ್ಪಂತಲ್ಲ, ನನಗೂ ಮೊದಲ ಸಲ ಓದಿದಾಗ ಮೈ ಜುಂ ಅಂದಿತ್ತು. ಆದರೆ ಇಡೀ ಪಟ್ಟಿಯಲ್ಲಿ ಸುಮ್ನೆ ಕೂಡಿಬಂದದ್ದು ಅಂದರೆ ಇದೊಂದೇ. ಕಂಪನಿ ಸರ್ಕಾರಕ್ಕೆ ಅದು ಯಾವುದೋ ಒಂದು ಬುಧವಾರ. ಆ ಎರಡು ತಾರೀಖುಗಳ ನಡುವೆ ಏನು ನಡೆಯಿತು ಅನ್ನೋದು ಮೆಸೇಜಿನಲ್ಲಿ ಇರೋದೇ ಇಲ್ಲ. ಕಿತ್ತೂರು ಬಿದ್ದ ಮೇಲೂ, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಮೇಲೂ ಈತ ಜನ ಕಟ್ಟಿಕೊಂಡು ಕಾಡು ಸೇರಿದ. ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟ, ಖಜಾನೆ ದೋಚಿದ. ಕೊನೆಗೆ ಹಿಡಿಸಿಕೊಟ್ಟದ್ದು ನಮ್ಮವರೇ. ಆತ ನೇಣಿಗೇರಿದ ನಂದಗಡದಲ್ಲಿ ಆತನ ನೆನಪಿನ ಆಲದ ಮರಕ್ಕೆ ಮಕ್ಕಳಾಗಲಿ ಅಂತ ಇವತ್ತಿಗೂ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಅವರಿಗೆ ಅದಕ್ಕೆ ಜನವರಿ 26ನೇ ತಾರೀಖೇ ಆಗಬೇಕು ಅಂತೇನಿಲ್ಲ.