ಚುಕ್ಕಿ ಕಂಡ ಕೂಡಲೇ ರಂಗೋಲಿ ಎನ್ನಬೇಡಿ

ಆಸ್ಟ್ರೇಲಿಯಾದಲ್ಲಿರುವ ನಾವು ಕನ್ನಡಿಗರು ಇಲ್ಲಿನ ಮೂಲನಿವಾಸಿಗಳ ಚಿತ್ರ ನೋಡಿದಾಗ ಮೊದಲು ಬರುವ ಮಾತು, "ನಮ್ಮ ಚುಕ್ಕಿ ರಂಗೋಲಿ ಇದ್ದ ಹಾಗೇ ಇದೆಯಲ್ಲ!" ಪ್ರೀತಿಯ ಮಾತೇ. ಆದರೆ ಆ ಹೋಲಿಕೆಯನ್ನೇ ಹಿಡಿದು ಮುಂದೆ ಹೋದರೆ ಚಿತ್ರ ಪೂರ್ತಿ ತಪ್ಪಾಗಿ ಅರ್ಥವಾಗುತ್ತದೆ.

ರಂಗೋಲಿಯಲ್ಲಿ ಚುಕ್ಕಿ ಮೊದಲು, ಎಳೆ ಆಮೇಲೆ. 15ರಿಂದ 8, ಮಧ್ಯ ಚುಕ್ಕಿ ಎಂದು ಹೇಳಿದರೆ ಸಾಕು, ಪಕ್ಕದ ಮನೆಯವರೂ ಅದನ್ನೇ ಹಾಕಬಹುದು. ನಮ್ಮ ಚುಕ್ಕಿ ಇರುವುದೇ ಇನ್ನೊಬ್ಬರಿಗೆ ಕಲಿಸಲು. ಮಧ್ಯ ಆಸ್ಟ್ರೇಲಿಯಾದ ಮರಳುನಾಡಿನಲ್ಲಿ ಕ್ರಮ ತಿರುವುಮುರುವು. ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಕೆಮ್ಮಣ್ಣಿನ ಬಣ್ಣವನ್ನೋ ಕಪ್ಪನ್ನೋ ಪೂರ್ತಿ ಬಳಿದು ಒಣಗಿಸುತ್ತಾರೆ. ಅದರ ಮೇಲೆ ವೃತ್ತಗಳು, ದಾರಿಯ ಗೆರೆಗಳು, ಹೆಜ್ಜೆ ಗುರುತುಗಳು. ಚುಕ್ಕಿ ಸಾಮಾನ್ಯವಾಗಿ ಕಡೆಗೆ, ಕಡ್ಡಿಯ ತುದಿಯನ್ನು ಬಣ್ಣದಲ್ಲಿ ಅದ್ದಿ ಸಾಲುಸಾಲಾಗಿ.

ಆ ಚುಕ್ಕಿ ಹೀಗೆ ಹಬ್ಬಿದ್ದರ ಹಿಂದೆ ಒಂದು ಗಂಭೀರ ಕಾರಣವಿದೆ. ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 240 ಕಿ.ಮೀ. ದೂರದ ಪಪುನ್ಯ ಎಂಬ ಮೂಲನಿವಾಸಿಗಳ ಊರಿನಲ್ಲಿ 1971ರಲ್ಲಿ, ಶಾಲಾ ಶಿಕ್ಷಕ ಜೆಫ್ರಿ ಬಾರ್ಡನ್ ಒತ್ತಾಸೆಯಾಗಿ ನಿಂತಾಗ, ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಚಿತ್ರ ಬರೆದರು. ಆಮೇಲೆ ಹಲಗೆಗಳ ಮೇಲೆ ಬರೆಯತೊಡಗಿದರು. ದೀಕ್ಷೆ ಪಡೆದ ಗಂಡಸರು ಮಾತ್ರ ನೋಡಬೇಕಾದ ಕೆಲವು ವಸ್ತುಗಳು ಆ ಮೊದಲ ಹಲಗೆಗಳಲ್ಲಿ ಬಯಲಾಗಿ ಕಾಣಿಸಿಕೊಂಡವು. ಸುತ್ತಲಿನ ಸಮುದಾಯಗಳು ಕೆರಳಿದವು. ಕೆಲವೇ ವರ್ಷಗಳಲ್ಲಿ ಆ ವಸ್ತುಗಳು ಚಿತ್ರದಿಂದ ಮರೆಯಾಗಿ, ಚುಕ್ಕಿಗಳು ತೆರೆಯಂತೆ ಹರಡಿದವು. ಚುಕ್ಕಿಯ ಕೆಲಸ ಮರೆಮಾಡುವುದೊಂದೇ ಅಲ್ಲ. ಆಚರಣೆಯ ಮೈಬಣ್ಣದಲ್ಲೂ ನೆಲದ ಚಿತ್ರಗಳಲ್ಲೂ ಅದು ಮೊದಲೇ ಇತ್ತು. ಹುಲ್ಲು, ಬೀಜ, ಸುಟ್ಟ ನೆಲ ಏನು ಬೇಕಾದರೂ ಆಗಬಲ್ಲದು. ಆದರೂ ನಮ್ಮ ಚುಕ್ಕಿ ತೋರಿಸಿಕೊಡುವುದನ್ನು ಅವರ ಚುಕ್ಕಿ ಎಷ್ಟೋ ಸಲ ಕಾಯುತ್ತದೆ.

ನೋಡುವುದು ಹೇಗೆ? ಗೋಡೆಯ ಮೇಲಿರುವುದನ್ನು ಮನಸ್ಸಿನಲ್ಲೇ ನೆಲಕ್ಕೆ ಮಲಗಿಸಿ. ಬರೆದವರು ಸುತ್ತ ಕೂತು, ಸರಿದು, ಎಲ್ಲ ಕಡೆಯಿಂದ ಬರೆದಿರುತ್ತಾರೆ. ಮೇಲು ಕೆಳಗು ಎಂಬುದು ಎಷ್ಟೋ ಚಿತ್ರಗಳಿಗೆ ಇಲ್ಲ. ಒಂದರೊಳಗೊಂದು ವೃತ್ತವಿದ್ದರೆ ಅದೊಂದು ಜಾಗ. ಜಾಗಗಳ ನಡುವಿನ ಗೆರೆ ನಡೆದ ದಾರಿ. ಲಾಳದ ಆಕಾರ ಮರಳಿನಲ್ಲಿ ಕೂತವರ ಅಚ್ಚು. ಪಕ್ಕದಲ್ಲಿ ಗೆಡ್ಡೆ ಅಗೆಯುವ ಕೋಲಿದ್ದರೆ ಹೆಂಗಸು, ಈಟಿಯಿದ್ದರೆ ಗಂಡಸು. ಎಡವುವುದು ಇದನ್ನೆಲ್ಲ ನಿಘಂಟಿನಂತೆ ಉರುಹೊಡೆದಾಗ. ಅದೇ ವೃತ್ತ ಒಂದು ಚಿತ್ರದಲ್ಲಿ ನೀರಿನ ಹೊಂಡ, ಇನ್ನೊಂದರಲ್ಲಿ ಬೆಂಕಿ, ಮತ್ತೊಂದರಲ್ಲಿ ಇರುವೆಗೂಡು. ಯಾವ ಊರಿನ, ಯಾರ ಚಿತ್ರ ಎಂದು ತಿಳಿಯದೆ ಅರ್ಥ ಹೇಳಲಾಗದು.

ಈ ಚಿತ್ರಗಳು ಹೇಳುವ ಕಥೆಯನ್ನು ಮಧ್ಯ ಆಸ್ಟ್ರೇಲಿಯಾದ ವಾರ್ಲ್ಪಿರಿ ಜನ ಜುಕುರ್ಪ ಎನ್ನುತ್ತಾರೆ. ಅದನ್ನು ಇಂಗ್ಲಿಷಿನವರು ಡ್ರೀಮಿಂಗ್ ಎಂದರು, ಅದನ್ನು ನಾವು ಕನಸು ಎಂದುಬಿಡುತ್ತೇವೆ. ಕನಸಲ್ಲ. ನಮ್ಮಲ್ಲಿ ಹತ್ತಿರದ ಮಾತೆಂದರೆ ಸ್ಥಳಪುರಾಣ. ಅದೂ ಸಾಲದು, ಜುಕುರ್ಪ ಕಟ್ಟಳೆಯೂ ಹೌದು, ನೆಲದ ಹಕ್ಕುಪತ್ರವೂ ಹೌದು, ಹಿಂದೆ ನಡೆದು ಮುಗಿದ ಕಥೆಯಂತೂ ಅಲ್ಲ. ಒಂದು ಜುಕುರ್ಪದ ಒಡೆತನ ತಂದೆಯ ಕಡೆಯಿಂದ ಬಂದವರು ಕಿರ್ಡ. ಆ ಮನೆತನದ ಹೆಣ್ಣುಮಕ್ಕಳ ಮಕ್ಕಳು ಕುರ್ಡುಂಗುರ್ಲು. ಆಚರಣೆ ಸರಿಯಾಗಿ ನಡೆಯಿತೇ, ಚಿತ್ರ ಸರಿಯಿದೆಯೇ ಎಂದು ನೋಡುವ ಹೊಣೆ ಇವರದು. ಅಂದರೆ ತಾಯಿಯ ತವರಿನ ಚಿತ್ತಾರಕ್ಕೆ ಮಕ್ಕಳು ಕಾವಲು. ಮದುವೆಯಲ್ಲಿ ಸೋದರಮಾವನಿಗೆ ಬೇರೆಯೇ ಹಕ್ಕು ಕೊಡುವ ನಮಗೆ ಇದು ಅರ್ಥವಾಗಬೇಕು.

ಇಡೀ ಆಸ್ಟ್ರೇಲಿಯಾ ಚುಕ್ಕಿಯದಲ್ಲ ಎಂಬುದೂ ನೆನಪಿರಲಿ. ಉತ್ತರದ ಆರ್ನೆಮ್ ಲ್ಯಾಂಡ್‌ನಲ್ಲಿ ಚಿತ್ರ ಬರೆಯುವುದು ನೀಲಗಿರಿ ಜಾತಿಯ ಮರದ ತೊಗಟೆಯ ಮೇಲೆ. ತೊಗಟೆ ಸಲೀಸಾಗಿ ಬಿಡುವುದು ಮಳೆಗಾಲದಲ್ಲಿ, ಮರದಲ್ಲಿ ರಸ ಹರಿಯುವಾಗ. ಬೆಂಕಿಗೆ ಹಿಡಿದು, ಭಾರ ಹೇರಿ ಚಪ್ಪಟೆ ಮಾಡುತ್ತಾರೆ. ಇಲ್ಲಿ ಅವಸರಪಟ್ಟರೆ ಸುರುಳಿಯಾಗುತ್ತದೆ, ಸೀಳುತ್ತದೆ. ಬಣ್ಣಕ್ಕೆ ಕೆಂಪು, ಹಳದಿ ಮಣ್ಣು, ಬಿಳಿ ಜೇಡಿ, ಇದ್ದಿಲು. ಕೂದಲೆಳೆಗಳ ಕುಂಚದಿಂದ ಎಳೆಯುವ ಅಡ್ಡಗೆರೆಗಳ ಜಾಲಕ್ಕೆ ಪಶ್ಚಿಮ ಭಾಗದಲ್ಲಿ ರಾರ್ಕ್ ಎನ್ನುತ್ತಾರೆ. ಪುಂಡಿ ನಾರಿನ ಕುಂಚದಲ್ಲಿ ಅಕ್ಕಿಯ ಬಿಳಿ ಎಳೆ ಎಳೆಯುವ ಮಲೆನಾಡಿನ ದೀವರ ಹಸೆ ಚಿತ್ತಾರ ಬಲ್ಲವರು ಹೋಲಿಸಲೇಬೇಕಿದ್ದರೆ ಇದರೊಂದಿಗೆ ಹೋಲಿಸಲಿ. ಕೈಯ ಹಿಡಿತವಾದರೂ ಹತ್ತಿರದ್ದು.

ನಕಲು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 1994ರ ಜಮಖಾನೆ ಮೊಕದ್ದಮೆ ನೋಡಿ. ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ಅವರ ಅನುಮತಿ ಕೇಳದೆ ವಿಯೆಟ್ನಾಂನಲ್ಲಿ ಜಮಖಾನೆಗಳಾಗಿ ನೇಯಿಸಿ ತಂದು ಮಾರಿದ್ದರು. ಕೋರ್ಟು ಸುಮಾರು 1.88 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಹಣಕ್ಕಿಂತ ದೊಡ್ಡ ನೋವು, ಪವಿತ್ರ ಜಾಗದ ಚಿತ್ರವನ್ನು ಜನ ತುಳಿದು ಓಡಾಡುವಂತಾಗಿದ್ದು. ಬರೆದವರೇ ತಮ್ಮ ಕುಲದ ಮುಂದೆ ತಪ್ಪಿತಸ್ಥರಾಗುವ ಭಯವೂ ಇತ್ತು.

ಆದ್ದರಿಂದ ನಮ್ಮ ಸಂಘಗಳ ಮಕ್ಕಳ ಶಿಬಿರಗಳಲ್ಲಿ ಇಯರ್‌ಬಡ್ ಕೊಟ್ಟು "ಅಬೊರಿಜಿನಲ್ ಡಾಟ್ ಪೇಂಟಿಂಗ್" ಮಾಡಿಸುವುದನ್ನು ನಿಲ್ಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೂಲನಿವಾಸಿ ಕಲಾವಿದರನ್ನೇ ಸಂಭಾವನೆ ಕೊಟ್ಟು ಕರೆಸಿ. ಆಗದಿದ್ದರೆ ಮಕ್ಕಳು ಒಂದು ಚಿತ್ರವನ್ನು ಅರ್ಧ ಗಂಟೆ ಕೂತು ನೋಡಲಿ, ಆಮೇಲೆ ತಮ್ಮ ಅಜ್ಜಿಯ ಊರಿನ ಕೆರೆ, ಗುಡಿ, ದಾರಿಗಳನ್ನು ತಮ್ಮದೇ ಗುರುತುಗಳಲ್ಲಿ ಬರೆಯಲಿ.

ಕೊಳ್ಳುವವರಿಗೂ ಒಂದು ಮಾತು. ಬರೆದವರ ಹೆಸರು, ಭಾಷಾ ಸಮುದಾಯ, ಊರು, ಚಿತ್ರದ ಕಥೆ, ಆರ್ಟ್ ಸೆಂಟರಿನ (ಮೂಲನಿವಾಸಿ ಕಲಾವಿದರ ಊರಿನ ಕಲಾಕೇಂದ್ರದ) ಕ್ಯಾಟಲಾಗ್ ಸಂಖ್ಯೆ ಇಷ್ಟೂ ಇರುವ ಪ್ರಮಾಣಪತ್ರ ಕೇಳಿ. ಕಲಾವಿದರೊಂದಿಗೆ ನ್ಯಾಯವಾಗಿ ವ್ಯವಹರಿಸುತ್ತೇವೆಂದು ಮಾರಾಟಗಾರರು ಒಪ್ಪಿಕೊಳ್ಳುವ ಇಂಡಿಜಿನಸ್ ಆರ್ಟ್ ಕೋಡ್‌ಗೆ ಅಂಗಡಿ ಸೇರಿದೆಯೇ ನೋಡಿ. "ಅಬೊರಿಜಿನಲ್ ಶೈಲಿ" ಎಂದಷ್ಟೇ ಬರೆದು ಹೆಸರು ಹಾಕದಿದ್ದರೆ ಅಲ್ಲೇ ಇಟ್ಟು ಬನ್ನಿ.