ಅಕ್ಕನ ತರಗೆಲೆ, ಸರ್ಕಾರದ ಮೂಗು

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ, ಮನೆಯಂಗಳದಲ್ಲಿ ತರಗೆಲೆ ಸುಟ್ಟದ್ದಕ್ಕೆ ಅಕ್ಕನೊಬ್ಬರಿಗೆ ದಂಡದ ನೋಟೀಸು ಬಂದ ಸಂಗತಿ ನಿಮಗೆಲ್ಲ ಗೊತ್ತೇ ಇದೆ. ವಾಟ್ಸಾಪಿನಲ್ಲಿ ಅದು ರಾಜ್ಯದ ಗಡಿಯ ತಲಪಾಡಿ ಗೇಟು ದಾಟಿ ಆಚೆಗೂ ಹೋಗಿಯಾಗಿದೆ. ನನಗೆ ಮೆಚ್ಚಿಗೆಯಾದದ್ದು ದೂರು ಕೊಡಲು ಆ ಹೊಗೆಯ ಫೋಟೋ ತೆಗೆದವನ ಶ್ರದ್ಧೆ. ರಸ್ತೆಯಿಂದ ಆ ಅಂಗಳ ಕಾಣುವುದಿಲ್ಲ. ನಡುವೆ ಮುರಕಲ್ಲಿನ ಕಾಂಪೌಂಡು, ಎರಡು ಹಲಸಿನ ಮರ, ಒಂದು ಕಚ್ಚುವ ನಾಯಿ. ಇಷ್ಟನ್ನೂ ದಾಟಿ ಹೊಗೆಯ ಚಿತ್ರ ತೆಗೆಯಲು ದಂಡದಲ್ಲಿ ಪಾಲು ಸಿಗುತ್ತದೆಂಬ ಆಸೆಯೊಂದೇ ಸಾಲದು, ಪರಿಸರಪ್ರೇಮವೂ ಬೇಕು.

ನೋಟೀಸು ಮಲಯಾಳದಲ್ಲಿತ್ತು ಎಂದು ಬೇರೆ ಹೇಳಬೇಕೇ? ಎಂಟನೇ ಕ್ಲಾಸಿನ ಮೊಮ್ಮಗ ಶಾಲೆಯಿಂದ ಬಂದು ಓದಿ ಹೇಳುವವರೆಗೆ ಅಕ್ಕ ಅದನ್ನು ಪಿಂಚಣಿ ಕಾಗದ ಎಂದುಕೊಂಡು ದೇವರ ಕೋಣೆಯಲ್ಲಿಟ್ಟಿದ್ದರಂತೆ.

ಕಾನೂನಿನಲ್ಲಿ ತಪ್ಪೇನಿಲ್ಲ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ದರ ಗೊತ್ತು ಮಾಡಿದೆ. ಹಸಿ ಎಲೆಯ ಹೊಗೆ ದಮ್ಮಿನವರ ಜೀವ ಹಿಂಡುತ್ತದೆ. ರಾಶಿಯೊಳಗೆ ಒಂದು ಹಾಲಿನ ಪ್ಲಾಸ್ಟಿಕ್ ತೊಟ್ಟೆ ಸೇರಿದರೆ ಬರುವುದು ಹೊಗೆಯಲ್ಲ, ವಿಷ. ಮಾರ್ಚಿನ ಮಧ್ಯಾಹ್ನ ಕಿಡಿ ಹಾರಿ ಗುಡ್ಡೆಯ ಮುಳಿಹುಲ್ಲಿಗೆ ಬಿದ್ದರೆ ಫೈರ್ ಎಂಜಿನ್ ಬರುವಷ್ಟರಲ್ಲಿ ಗೇರುತೋಟ ಮುಗಿದಿರುತ್ತದೆ. ಅಕ್ಕನಿಗೆ ಇದೆಲ್ಲ ಗೊತ್ತು. ಗಾಳಿ ಏಳುವ ಮೊದಲೇ, ಸುತ್ತ ಮಣ್ಣು ಕಾಣುವಂತೆ ಗುಡಿಸಿ, ಕೊಡಪಾನದಲ್ಲಿ ನೀರಿಟ್ಟುಕೊಂಡು, ಕೆಂಡ ಆರುವವರೆಗೆ ಅಡಿಕೆ ಹಾಳೆಯ ಮೇಲೆ ಕೂತು ಕಾಯುವವರು ಅವರು. ಬೂದಿ ತೊಂಡೆ ಚಪ್ಪರದ ಬುಡಕ್ಕೆ.

ಇಂಥ ರಾಶಿಗಳಲ್ಲೇ ನಾವು ಗೇರುಬೀಜ ಸುಟ್ಟದ್ದು. ಅದೊಂದು ವಿದ್ಯೆ. ಸಿಪ್ಪೆಯ ಎಣ್ಣೆ ಚಟಪಟ ಸಿಡಿದು ಹತ್ತಿಕೊಳ್ಳುತ್ತದೆ. ಆ ಹೊಗೆಗೆ ಮುಖ ಕೊಟ್ಟವನ ಕಣ್ಣು ಮರುದಿನ ಬಾತಿರುತ್ತದೆ. ಸರಿಯಾದ ಹೊತ್ತಿಗೆ ಕೋಲಿನಿಂದ ಎಳೆದು ಮಣ್ಣು ಎರಚಬೇಕು. ತಡವಾದರೆ ಇದ್ದಿಲು, ಬೇಗವಾದರೆ ತುಟಿಗೆ ಸೊನೆ ತಾಗಿ ಬೊಕ್ಕೆ. ಬೊಕ್ಕೆ ಕಂಡ ಕೂಡಲೇ ಮಾಸ್ಟ್ರು, "ಯಾರ ಗುಡ್ಡೆಯ ಬೀಜ ಕದ್ದದ್ದಾ?" ಎನ್ನುತ್ತಿದ್ದರು. ಫೋಟೋ ಇಲ್ಲ, ಬಹುಮಾನ ಇಲ್ಲ, ತನಿಖೆ ಮುಗಿಯಿತು.

ಇರಲಿ. ಸುಡಬಾರದಾದರೆ ಏನು ಮಾಡಲಿ ಎಂದು ಅಕ್ಕ ನೋಟೀಸು ಕೊಟ್ಟ ಆಫೀಸಿಗೇ ಹೋಗಿ ಕೇಳಿದರು. "ಬಯೋಬಿನ್ ಕೊಟ್ಟಿದ್ದೇವಲ್ಲ ಚೇಚೀ, ಅದರಲ್ಲಿ ಹಾಕಿ" ಎಂದರು. ಹಸಿ ಕಸ ಗೊಬ್ಬರ ಮಾಡುವ ಆ ತೊಟ್ಟಿ ಕೊಟ್ಟದ್ದು ನಿಜ. ಬಕೆಟಿನಷ್ಟು ದೊಡ್ಡದು, ಮುಚ್ಚಳವೂ ಇದೆ. ಸದ್ಯ ಅದರೊಳಗೆ ಹೇಂಟೆ ಕಾವಿಗೆ ಕೂತಿದೆ. ಅಕ್ಕನ ಹಿತ್ತಿಲಲ್ಲಿ ಹಲಸು, ಮಾವು, ಸಾಲು ತೆಂಗು; ಒಂದೊಂದು ಮಡಲೂ ಎರಡಾಳು ಉದ್ದ. ಮನೆಮನೆಯ ಕಸ ಒಟ್ಟುಮಾಡುವ ಹರಿತ ಕರ್ಮಸೇನೆಯ ಹೆಂಗಸರು ತಿಂಗಳಿಗೆ 50 ರೂಪಾಯಿಗೆ ಪ್ಲಾಸ್ಟಿಕ್ ಒಯ್ಯುತ್ತಾರೆ, ಎಲೆ ಒಯ್ಯುವುದಿಲ್ಲ. ಅವರ ತಪ್ಪೂ ಅಲ್ಲ. ಅವರು ಹೊತ್ತು ತಂದ ತೊಟ್ಟೆಗಳೇ ರಸ್ತೆ ಬದಿಯ ಬಲೆಗೂಡಿನಲ್ಲಿ ಲಾರಿ ಕಾಯುತ್ತ ಬಿದ್ದಿರುತ್ತವೆ. ಮೊದಲಾದರೆ ತರಗೆಲೆ ಹಟ್ಟಿಗೆ ಹೋಗಿ ದನದ ಕಾಲಡಿಯಲ್ಲಿ ಗೊಬ್ಬರವಾಗುತ್ತಿತ್ತು. ಈಗ ಹಟ್ಟಿಯಲ್ಲಿ ಮಗನ ಬೈಕಿದೆ. ಬೈಕು ಸೆಗಣಿ ಹಾಕುವುದಿಲ್ಲ.

ಸರ್ಕಾರದ ಕಸ ತಾನೇ ಹತ್ತಿಕೊಂಡರೆ? 2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರದಲ್ಲಿ ಹತ್ತಿದ ಕಸದ ಬೆಟ್ಟ ಹತ್ತು ದಿನಕ್ಕೂ ಮಿಕ್ಕಿ ಹೊಗೆಯಾಡಿತು. ಜನರಿಗೆ ಮಾಸ್ಕ್ ಹಾಕಿ ಮನೆಯೊಳಗಿರಿ ಎಂದರು. ಕಾರ್ಪೊರೇಷನ್ನಿಗೆ ನ್ಯಾಯಮಂಡಳಿ ಹಾಕಿದ ದಂಡ 100 ಕೋಟಿ. ಅದರಲ್ಲಿ ಪಾಲು ಕೇಳಲು ಫೋಟೋ ಹಿಡಿದು ಯಾರಾದರೂ ಹೋದರೋ ಇಲ್ಲವೋ.

ಇನ್ನು ನಗು ಬರುವುದಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಈ ಜಿಲ್ಲೆಯ ಗೇರುಗುಡ್ಡೆಗಳ ಮೇಲೆ ಸರ್ಕಾರದ್ದೇ ಪ್ಲಾಂಟೇಶನ್ ಕಾರ್ಪೊರೇಷನ್ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿಸಿತು. ಬಾವಿ ಮುಚ್ಚಿಕೊಳ್ಳಿ ಎಂದರು. ಬಾವಿಗೆ ಮಡಲು ಹಾಸಬಹುದು, ಹರಿಯುವ ತೋಡಿಗೆ ಏನು ಹಾಸುವುದು? ಪಡ್ರೆ, ಸ್ವರ್ಗ ಎಂಬ ಊರುಗಳ ಕಡೆಯ ಮನೆಗಳಲ್ಲಿ ಮಲಗಿದಲ್ಲೇ ಇರುವ ಮಕ್ಕಳನ್ನು ಕಂಡವರಿಗೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಈ ವಿಷಕ್ಕೆ ತುತ್ತಾದವರಿಗೆ ತಲಾ ಐದು ಲಕ್ಷ ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. ಯಾಕೆ ಇನ್ನೂ ಕೊಟ್ಟಿಲ್ಲ ಎಂದು ಅದೇ ಕೋರ್ಟು ಗದರಿದ್ದು 2022ರಲ್ಲಿ. ಕೊನೆಗೂ ಹಣ ಬರುವಷ್ಟರಲ್ಲಿ ಎಷ್ಟು ತಾಯಂದಿರಿಗೆ ಅದನ್ನು ಖರ್ಚು ಮಾಡಲು ಮಗುವೇ ಉಳಿದಿರಲಿಲ್ಲ.

ಅಕ್ಕನಿಗೆ ಕೊಟ್ಟ ಗಡುವು ಏಳು ದಿನ. ನಾಚಿಕೆಯಾಗಬೇಕು.