ಲೆನ್ಸು ಹಳೆಯದು, ಮೌಂಟು ಹೊಸದು
ಹನ್ನೆರಡು ವರ್ಷ ಹೆಗಲಿಗೇರಿಸಿಕೊಂಡು ತಿರುಗಿದ, ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾ ಬಿಟ್ಟು ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೋಗಬೇಕೇ ಬೇಡವೇ ಎಂದು ಎರಡು ವರ್ಷದಿಂದ ಮೆಲುಕು ಹಾಕುತ್ತಲೇ ಇದ್ದೇನೆ. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಮಿರರ್‌ಲೆಸ್‌ಗೆಂದೇ ಹೊಸ ಮೌಂಟು, ಅಂದರೆ ಲೆನ್ಸು ಕ್ಯಾಮೆರಾಕ್ಕೆ ಕೂರುವ ಬಾಯಿ, ತಂದವು. ಒಳಗೆ ಕನ್ನಡಿಯೇ ಇಲ್ಲದ ಮೇಲೆ ಅದಕ್ಕೆ ಜಾಗವೇಕೆಂದು, ಲೆನ್ಸಿನ ಬುಡಕ್ಕೂ ಚಿತ್ರ ಹಿಡಿಯುವ ಸೆನ್ಸರಿಗೂ ನಡುವಿನ ಅಂತರ ಕ್ಯಾನನ್‌ನಲ್ಲಿ 44 ಮಿಲಿಮೀಟರಿನಿಂದ 20ಕ್ಕೆ, ನಿಕಾನ್‌ನಲ್ಲಿ 46.5ರಿಂದ 16ಕ್ಕೆ ಇಳಿಯಿತು. ಹೀಗಾಗಿ ಹಳೆಯ ಲೆನ್ಸನ್ನು ಆ ಕಡಿಮೆಯಾದ ಅಂತರ ತುಂಬುವ ಅಡಾಪ್ಟರ್ ಎಂಬ ಟೊಳ್ಳು ಬಳೆಯ ಮೂಲಕ ಹೊಸ ಕ್ಯಾಮೆರಾಕ್ಕೆ ಹಾಕಬಹುದೇ ಹೊರತು, ಹೊಸ ಲೆನ್ಸು ಹಳೆಯ ಕ್ಯಾಮೆರಾಕ್ಕೆ ಕೂರುವುದಿಲ್ಲ. ಆ ಬಳೆಯನ್ನೂ ಪೂರ್ತಿ ನಂಬುವಂತಿಲ್ಲ: ತನ್ನೊಳಗೆ ಮೋಟಾರಿಲ್ಲದೆ ಕ್ಯಾಮೆರಾದ ಮೋಟಾರಿನಿಂದಲೇ ಫೋಕಸ್ ಆಗುವ ನನ್ನ ಹಳೆಯ ಲೆನ್ಸನ್ನು ಅಂಗಡಿಯಲ್ಲಿ ಹಾಕಿ ನೋಡಿದರೆ, ಕೈಯಿಂದಲೇ ತಿರುಗಿಸಬೇಕಾಯಿತು. ರಂಗನತಿಟ್ಟಿನ ಅಲುಗುವ ದೋಣಿಯಲ್ಲಿ ಕುಳಿತು, ಹಾರುವ ಕೊಕ್ಕರೆಯ ಕಣ್ಣಿಗೆ ಕೈಯಿಂದ ಫೋಕಸ್ ಮಾಡುವವರಿಗೆ ನನ್ನ ನಮಸ್ಕಾರ! ಎಲ್ಲವನ್ನೂ ಮಾರಿ ಬೇರೆ ಕಂಪನಿಗೆ ಹೋಗೋಣವೆಂದರೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿಟ್ಟು ಮಕ್ಕಳಂತೆ ಸಾಕಿದ ಲೆನ್ಸುಗಳಿಗೆ ವ್ಯಾಪಾರಿ ಹೇಳುವ ಬೆಲೆಯಲ್ಲಿ ಹೆಚ್ಚೆಂದರೆ ಎರಡು ಬ್ಯಾಟರಿ, ಒಂದು ಕಾರ್ಡು ಬಂದಾವು. ಇದರ ನಡುವೆ ಮೊನ್ನೆಯಿಂದ ಹಳೆಯ ಕ್ಯಾಮೆರಾದ ಶಟರ್ ಬೇರೆ ಕರಕರ ಸದ್ದು ಮಾಡತೊಡಗಿದೆ.